ಸಫಾರಿಗೆ ಮುಂಚೆ ನೈರೋಬಿ: ಮಕ್ಕಳ ಜೊತೆ ಎರಡು ದಿನ ನಿಲ್ಲಬೇಕೆ?

ಪ್ರಶ್ನೆ: ನಾವು ಶಿವಮೊಗ್ಗದವರು. ದಸರಾ ರಜೆಯಲ್ಲಿ ಕೆನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೊರಟಿದ್ದೇವೆ. ಮಗಳಿಗೆ 9 ವರ್ಷ, ಮಗನಿಗೆ 5. ಜೊತೆಗೆ ನಮ್ಮ ಅತ್ತೆಯೂ ಬರುತ್ತಾರೆ, ಅವರಿಗೆ 65. ಎಲ್ಲರೂ ಸಸ್ಯಾಹಾರಿಗಳು. ಮಗನಿಗೆ ಘಾಟಿ ರಸ್ತೆಯಲ್ಲಿ ವಾಂತಿಯಾಗುತ್ತದೆ. ನಮ್ಮ ಟ್ರಾವೆಲ್ ಏಜೆಂಟರು "ನೈರೋಬಿಯಲ್ಲಿ ನೋಡುವಂಥದ್ದು ಏನೂ ಇಲ್ಲ, ಊರೂ ಅಷ್ಟು ಸರಿಯಿಲ್ಲ, ಏರ್‌ಪೋರ್ಟಿನಿಂದ ನೇರ ಮಾರಾಕ್ಕೆ ಹೋಗಿಬಿಡಿ" ಅನ್ನುತ್ತಾರೆ. ನನಗೆ ಎರಡು ದಿನ ಅಲ್ಲಿ ನಿಂತು ಹೋಗೋಣ ಅನ್ನಿಸುತ್ತಿದೆ. ಯಾವುದು ಸರಿ?

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ. ನನ್ನ ಮಾತು ಕೇಳುವುದಾದರೆ ಮೂರು ರಾತ್ರಿ ನಿಲ್ಲಿ. ಅದಕ್ಕಾಗಿ ಮಾರಾದ ಒಂದು ರಾತ್ರಿ ಕಡಿಮೆ ಮಾಡಬೇಕಾಗಿ ಬಂದರೂ ಚಿಂತೆಯಿಲ್ಲ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ಒಂದು ಹಳೆಯ ಸಂಗತಿ ಹೇಳಬೇಕು. ನಾನು ನೈರೋಬಿಯಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿದವಳು, ನನ್ನ ಮಕ್ಕಳು ಮೊದಲು ಶಾಲೆಗೆ ಹೋದದ್ದೂ ಅಲ್ಲೇ. ಒಮ್ಮೆ ಊರಿನಿಂದ ತಂಗಿಯ ಸಂಸಾರ ಬಂತು. ಬೆಳಗಿನ ಜಾವ ವಿಮಾನ ಇಳಿದವರನ್ನು ಹಾಗೇ ವ್ಯಾನಿಗೆ ಹತ್ತಿಸಿ ಮಾರಾಕ್ಕೆ ಕರೆದೊಯ್ದೆವು. ಆರು ಗಂಟೆಯ ದಾರಿ. ಸಂಜೆಯ ಮೊದಲ ಸುತ್ತಿನಲ್ಲೇ ಒಂದು ಹೆಣ್ಣು ಸಿಂಹ ಮೂರು ಮರಿಗಳನ್ನು ಕರೆದುಕೊಂಡು ನಮ್ಮ ಗಾಡಿಯ ಪಕ್ಕದಲ್ಲೇ ಹಾದುಹೋಯಿತು. ತಂಗಿಯ ಮಗ ಆಗ ಗಾಢ ನಿದ್ದೆಯಲ್ಲಿದ್ದ. ಮರುದಿನ ಎಚ್ಚರವಾಗಿ ಕೂತವನಿಗೆ ದೂರದ ಹುಲ್ಲಿನಲ್ಲಿ ಮಲಗಿದ್ದ ಸಿಂಹವನ್ನು ಎಲ್ಲರೂ ಬೆರಳು ಮಾಡಿ ತೋರಿಸಿದರೂ ಅವನಿಗೆ ಕಾಣಲೇ ಇಲ್ಲ. "ಎಲ್ಲಿ, ಎಲ್ಲಿ?" ಎಂದು ಕೇಳಿ ಕೇಳಿ ಕೊನೆಗೆ ಅತ್ತುಬಿಟ್ಟ. ಕಂದು ಹುಲ್ಲಿನಲ್ಲಿ ಕಂದು ಪ್ರಾಣಿಯನ್ನು ಹುಡುಕುವುದು ಅವನ ಕಣ್ಣಿಗೆ ಇನ್ನೂ ಪಳಗಿರಲಿಲ್ಲ.

ಮಕ್ಕಳ ಕಣ್ಣು ಪಳಗಬೇಕು. ದೇಹ ಹೊಸ ಹೊತ್ತಿಗೆ, ಹೊಸ ಹವೆಗೆ ಒಗ್ಗಬೇಕು. ಆ ನೆಲದ ಜನರನ್ನೂ ಒಂದಿಷ್ಟು ನೋಡಿರಬೇಕು, ಇಲ್ಲವಾದರೆ ಆಫ್ರಿಕಾ ಅಂದರೆ ಬರೀ ಕಾಡು, ಬರೀ ಪ್ರಾಣಿ ಎಂದುಕೊಂಡೇ ಮಕ್ಕಳು ಮನೆಗೆ ಮರಳುತ್ತಾರೆ. ಈ ಮೂರೂ ಆಗುವ ಊರು ನೈರೋಬಿ.

ಮೊದಲು ಹೊತ್ತಿನ ವಿಷಯ. ಕೆನ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಊರಲ್ಲಿ ಆರೂವರೆಗೆ ಏಳುವ ಮಗು ಅಲ್ಲಿ ನಾಲ್ಕಕ್ಕೇ ಎದ್ದು ಕೂರುತ್ತದೆ. ಸಂಜೆ ಏಳು ಗಂಟೆಗೆ ಊಟದ ತಟ್ಟೆ ಮುಂದೆ ತೂಕಡಿಸುತ್ತದೆ. ಇದನ್ನು ಸರಿಮಾಡಲು ಹೋಗಬೇಡಿ. ಕಾಡು ನೋಡಲು ಹೇಳಿಮಾಡಿಸಿದ ಹೊತ್ತದು. ನೈರೋಬಿ ಭೂಮಧ್ಯರೇಖೆಯ ಹತ್ತಿರ ಇರುವುದರಿಂದ ವರ್ಷವಿಡೀ ಬೆಳಿಗ್ಗೆ ಆರು, ಆರೂವರೆಗೆ ಸೂರ್ಯ ಹುಟ್ಟಿ ಸಂಜೆ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಮುಳುಗುತ್ತಾನೆ. ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಎಣಿಸುವುದೇ ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. ನಿಮ್ಮ ಮಗಳಿಗೆ ಈ ಲೆಕ್ಕ ಹೇಳಿಕೊಡಿ, ಗಡಿಯಾರ ನೋಡಿದಾಗಲೆಲ್ಲ ಆರು ಕಳೆದು ಹೇಳುತ್ತಾಳೆ.

ಹವೆಯೂ ನೀವು ಅಂದುಕೊಂಡ ಹಾಗಿರುವುದಿಲ್ಲ. ನೈರೋಬಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ, ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಸಮೀಪದ ಎತ್ತರ. ಊರಿನ ಹೆಸರೇ ಮಸಾಯಿ ಭಾಷೆಯ 'ಎಂಕಾರೆ ನೈರೋಬಿ', ತಣ್ಣೀರು ಎಂದು ಅರ್ಥ. ಆಫ್ರಿಕಾ ಅಂದರೆ ಸುಡುಬಿಸಿಲು ಎಂದುಕೊಂಡು ಬರೀ ಹತ್ತಿ ಬಟ್ಟೆ ತುಂಬಿಕೊಂಡು ಬಂದವರು ಬೆಳಗಿನ ತೆರೆದ ಗಾಡಿಯಲ್ಲಿ ನಡುಗುತ್ತಾರೆ. ಅತ್ತೆಯವರಿಗೆ ಸ್ವೆಟರ್, ಶಾಲು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಹತ್ತು ಗಂಟೆಯ ಮೇಲೆ ಬಿಸಿಲು ಚುರುಕಾಗುತ್ತದೆ. ಗಾಳಿ ತಂಪಾಗಿರುವುದರಿಂದ ಮೈ ಸುಡುತ್ತಿರುವುದು ತಿಳಿಯುವುದೇ ಇಲ್ಲ. ಅಗಲ ಅಂಚಿನ ಟೋಪಿ ಮರೆಯಬೇಡಿ. ಅಕ್ಟೋಬರ್‌ನಲ್ಲಿ ಸಣ್ಣ ಮಳೆಗಾಲ ಶುರುವಾಗುವ ಹೊತ್ತು, ಒಂದೊಂದು ಮಧ್ಯಾಹ್ನ ಸುರಿದೀತು. ಆದರೆ ಅದೇ ತಿಂಗಳಲ್ಲಿ ಜಕರಾಂಡ ಮರಗಳು ಹೂ ಬಿಟ್ಟು ರಸ್ತೆಗೆ ರಸ್ತೆಯೇ ನೇರಳೆಯಾಗಿರುತ್ತದೆ. ನೀವು ಹೋಗುತ್ತಿರುವುದು ಒಳ್ಳೆಯ ಕಾಲಕ್ಕೆ.

ವಿಮಾನ ಇಳಿದ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ಸ್ನಾನ, ಊಟ, ನಿದ್ದೆ, ಹೋಟೆಲಿನ ತೋಟದಲ್ಲಿ ಓಡಾಟ, ಅಷ್ಟೇ. ತಂಗುವುದಕ್ಕೆ ನಾನು ಲಂಗಾಟಾ ಅಥವಾ ಕರೆನ್ ಕಡೆ ಹೇಳುತ್ತೇನೆ. ಊರಿನ ನೈರುತ್ಯಕ್ಕಿರುವ ಬಡಾವಣೆಗಳಿವು, ದೊಡ್ಡ ಮರಗಳು, ಹುಲ್ಲುಹಾಸು, ಸದ್ದುಗದ್ದಲ ಕಡಿಮೆ. ಮುಂದಿನ ಎರಡು ದಿನ ನೀವು ನೋಡುವ ಪ್ರಾಣಿಗಳ ಪಾರ್ಕು, ಆನೆಮರಿಗಳು, ಜಿರಾಫೆ ಎಲ್ಲವೂ ಅಲ್ಲಿಂದ ಹತ್ತಿರ. ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್ ಕಡೆ ಭಾರತೀಯ ಊಟ ಹೆಜ್ಜೆಹೆಜ್ಜೆಗೆ ಸಿಗುತ್ತದೆ, ನಿಜ. ಆದರೆ ಅಲ್ಲಿದ್ದು ದಿನಾ ಬೆಳಿಗ್ಗೆ ಊರಿನ ಟ್ರಾಫಿಕ್ ದಾಟಿ ಬರುವುದು ವಾಂತಿ ಮಾಡುವ ಮಗುವಿಗೆ ಬೇಡ.

ಎರಡನೆಯ ದಿನ ಕತ್ತಲಿರುವಾಗಲೇ ಹೊರಡಿ, ಹೇಗೂ ಮಕ್ಕಳು ಎದ್ದಿರುತ್ತಾರೆ. ಬೆಳಿಗ್ಗೆ ಆರಕ್ಕೆ ನೈರೋಬಿ ರಾಷ್ಟ್ರೀಯ ಉದ್ಯಾನದ ಗೇಟು ತೆಗೆಯುತ್ತದೆ. 1946ರಲ್ಲಿ ಆದದ್ದು, 117 ಚದರ ಕಿಲೋಮೀಟರ್, ಊರಿನ ನಡುಭಾಗದಿಂದ ಏಳೇ ಕಿಲೋಮೀಟರ್. ಇದನ್ನು ಝೂ ಎಂದು ತಿಳಿಯಬೇಡಿ. ಮೂರು ಕಡೆ ಬೇಲಿಯಿದೆ, ದಕ್ಷಿಣದ ಕಡೆ ಬಯಲಿಗೆ ತೆರೆದಿದೆ, ಪ್ರಾಣಿಗಳು ಆ ಕಡೆಯಿಂದ ಬಂದುಹೋಗುತ್ತವೆ. ಸಿಂಹ, ಜೀಬ್ರಾ, ಕಾಡೆಮ್ಮೆ, ಜಿರಾಫೆ, ಉಷ್ಟ್ರಪಕ್ಷಿ ಎಲ್ಲವೂ ಇವೆ. ಹುಲ್ಲು ಮೇಯುವ ಘೇಂಡಾಮೃಗದ ಹಿಂದೆ ಗಾಜಿನ ಗಗನಚುಂಬಿಗಳು ನಿಂತಿರುವುದನ್ನು ಮಕ್ಕಳು ನೋಡಬೇಕು. ಇತ್ತೀಚೆಗೆ ಕಟ್ಟಿದ ಎತ್ತರದ ರೈಲು ಸೇತುವೆಯೊಂದು ಪಾರ್ಕಿನ ನಡುವೆಯೇ ಹಾದುಹೋಗುತ್ತದೆ. ಅದರ ಬಗ್ಗೆ ಆ ಊರಿನಲ್ಲಿ ದೊಡ್ಡ ವಾದವಾಗಿತ್ತು. ಸೇತುವೆಯ ಕಂಬಗಳ ಕೆಳಗೆ ಜಿರಾಫೆ ನಿಂತಿರುವುದನ್ನು ನೋಡಿದಾಗ ಯಾಕೆ ವಾದವಾಯಿತು ಅನ್ನುವುದು ಒಂಬತ್ತು ವರ್ಷದ ಹುಡುಗಿಗೂ ಅರ್ಥವಾಗುತ್ತದೆ.

ಕಪ್ಪು ಘೇಂಡಾಮೃಗ ಕಾಣುವ ಅವಕಾಶ ಮಾರಾಕ್ಕಿಂತ ಇಲ್ಲೇ ಹೆಚ್ಚು. ಬಿಳಿ ಘೇಂಡಾಮೃಗವೂ ಇಲ್ಲಿದೆ. ಎರಡರ ಬಣ್ಣವೂ ಬೂದಿಯೇ, ಹಾಗಾಗಿ ಹೆಸರು ನಂಬಿ ಬಣ್ಣ ಹುಡುಕಬೇಡಿ, ಬಾಯಿ ನೋಡಿ. ಪೊದೆಯ ಎಲೆ ಕಿತ್ತು ತಿನ್ನುವ ಕಪ್ಪು ಘೇಂಡಾಮೃಗದ ಮೇಲ್ತುಟಿ ಕೊಕ್ಕಿನಂತೆ ಚೂಪು. ಹುಲ್ಲು ಮೇಯುವ ಬಿಳಿಯದರ ಬಾಯಿ ಅಗಲ, ಚೌಕ. ಒಂದು ಆಟ ಮಾಡಿ: ಮೊದಲ ಅರ್ಧ ಗಂಟೆ ಡ್ರೈವರ್ ಏನನ್ನೂ ತೋರಿಸಬಾರದು, ಮಕ್ಕಳೇ ಹುಡುಕಬೇಕು. ಪ್ರಾಣಿಯ ಇಡೀ ಆಕಾರ ಹುಡುಕಬೇಡಿ, ಅಲ್ಲಾಡುವ ಕಿವಿ, ಬಾಲ, ಅಡ್ಡಲಾಗಿ ಕಾಣುವ ಬೆನ್ನಿನ ಗೆರೆ ಹುಡುಕಿ ಎಂದು ಹೇಳಿಕೊಡಿ. ಕಾಡಿನಲ್ಲಿ ಮರಗಿಡಗಳ ಗೆರೆಯೆಲ್ಲ ನೆಟ್ಟಗೆ ಮೇಲಕ್ಕೆ, ಪ್ರಾಣಿಯ ಬೆನ್ನು ಮಾತ್ರ ಅಡ್ಡಕ್ಕೆ. ಎರಡು ಗಂಟೆಯಲ್ಲಿ ಮಕ್ಕಳು ನಿಮ್ಮನ್ನು ಮೀರಿಸುತ್ತಾರೆ.

ಪಾರ್ಕಿನೊಳಗೆ ಗಾಡಿಯಿಂದ ಇಳಿಯಬಹುದಾದ ಕೆಲವೇ ಜಾಗಗಳಲ್ಲಿ ದಂತ ಸುಟ್ಟ ಸ್ಥಳ ಒಂದು. 1989ರ ಜುಲೈನಲ್ಲಿ ಅಧ್ಯಕ್ಷ ಡೇನಿಯಲ್ ಅರಾಪ್ ಮೋಯಿ ಬೇಟೆಗಾರರಿಂದ ವಶಪಡಿಸಿಕೊಂಡ 12 ಟನ್ ಆನೆದಂತಕ್ಕೆ ಇಲ್ಲಿ ಬೆಂಕಿಯಿಟ್ಟರು. 2016ರಲ್ಲಿ ಅಧ್ಯಕ್ಷ ಉಹುರು ಕೆನ್ಯಾಟ್ಟಾ 105 ಟನ್ ಸುಟ್ಟರು. ಬೂದಿಯ ಗುಡ್ಡೆ ಇಂದಿಗೂ ಇದೆ. ಮಗಳು "ಅಷ್ಟು ಬೆಲೆಬಾಳುವುದನ್ನು ಮಾರಬಹುದಿತ್ತಲ್ಲ?" ಎಂದು ಕೇಳಿಯೇ ಕೇಳುತ್ತಾಳೆ. ಮಾರಿದರೆ ಕೊಳ್ಳುವವರು ಹೆಚ್ಚುತ್ತಾರೆ, ಕೊಳ್ಳುವವರು ಹೆಚ್ಚಿದರೆ ಇನ್ನಷ್ಟು ಆನೆ ಸಾಯುತ್ತವೆ, ದಂತ ಇರಬೇಕಾದದ್ದು ಆನೆಯ ಬಾಯಲ್ಲಿ ಮಾತ್ರ ಎಂದು ಜಗತ್ತಿಗೆ ತೋರಿಸಲು ಸುಟ್ಟರು ಎಂದು ಹೇಳಿ. ಕಟ್ಟಿಕೊಂಡು ಹೋದ ತಿಂಡಿಯನ್ನು ಅಲ್ಲೇ ತಿನ್ನಿ.

ಇಷ್ಟೆಲ್ಲ ಇರುವ ಈ ಪಾರ್ಕಿನ ಬಯಲಿನಲ್ಲಿ ಕಾಡಾನೆ ಮಾತ್ರ ಇಲ್ಲ. ಅದನ್ನು ಮಗನಿಗೆ ಮೊದಲೇ ಹೇಳಿಬಿಡಿ. ಆದರೆ ಪಾರ್ಕಿನ ಅಂಚಿನಲ್ಲೇ ಶೆಲ್ಡ್ರಿಕ್ ಟ್ರಸ್ಟಿನ ಆನೆಮರಿಗಳ ಅನಾಥಾಲಯವಿದೆ, ಅಲ್ಲಿಗೆ ಹನ್ನೊಂದು ಗಂಟೆಗೆ ಸರಿಯಾಗಿ ಹೋಗಿ. ಸಾರ್ವಜನಿಕರಿಗೆ ದಿನಕ್ಕೆ ಒಂದೇ ಗಂಟೆ, ಹನ್ನೊಂದರಿಂದ ಹನ್ನೆರಡು. ಮೊದಲೇ ಬುಕ್ ಮಾಡಿರಬೇಕು, ದಸರಾ ಹೊತ್ತಿನಲ್ಲಿ ವಾರಗಳ ಮುಂಚೆಯೇ ಜಾಗ ತುಂಬುತ್ತದೆ. ವಿಮಾನದ ಟಿಕೆಟ್ ಆದ ದಿನವೇ ಇದನ್ನೂ ಮಾಡಿ ಮುಗಿಸಿ.

ನಿಮ್ಮ ಮಕ್ಕಳು ಸಕ್ರೆಬೈಲಿನಲ್ಲಿ ಆನೆ ಸ್ನಾನ ಮಾಡುವುದನ್ನು ನೋಡಿಯೇ ಇರುತ್ತಾರೆ. ಅದಕ್ಕೇ ಈ ಜಾಗ ಅವರಿಗೆ ಬೇರೆ ಊರಿನ ಮಕ್ಕಳಿಗಿಂತ ಹೆಚ್ಚು ಹೇಳುತ್ತದೆ. ಹಸಿರು ಕೋಟು ತೊಟ್ಟ ಪಾಲಕರ ಹಿಂದೆ ಮರಿಗಳು ಸಾಲಾಗಿ ಓಡಿಬರುತ್ತವೆ, ದೊಡ್ಡ ಬಾಟಲಿಯ ಹಾಲನ್ನು ಗಟಗಟ ಕುಡಿದು ಕೆಸರಿಗೆ ಇಳಿಯುತ್ತವೆ. ಹೋಲಿಸಿ ನೋಡಲು ಹೇಳಿ. ಇವುಗಳ ಕಿವಿ ಮೊರದಷ್ಟು ಅಗಲ, ಬೆನ್ನಿನ ನಡುವೆ ತಗ್ಗು. ನಮ್ಮ ಆನೆಯ ಸೊಂಡಿಲ ತುದಿಯಲ್ಲಿ ಬೆರಳಿನಂಥದ್ದು ಒಂದೇ, ಇವುಗಳಿಗೆ ಎರಡು. ನಮ್ಮಲ್ಲಿ ದಂತ ಗಂಡಿಗೆ, ಇಲ್ಲಿ ಹೆಣ್ಣಿಗೂ ಉಂಟು. ಬೇಟೆಗೆ ಬಲಿಯಾದ, ಬರದಲ್ಲಿ ಸತ್ತ ತಾಯಂದಿರ ಮರಿಗಳಿವು. ತಾಯಿಯ ಹಾಲು ಇಲ್ಲದ ಮರಿಗೆ ಯಾವ ಹಾಲು ಒಗ್ಗುತ್ತದೆ ಎಂದು ಕಂಡುಕೊಳ್ಳಲು ಈ ಅನಾಥಾಲಯ ಕಟ್ಟಿದ ಡ್ಯಾಫ್ನಿ ಶೆಲ್ಡ್ರಿಕ್ ಅವರಿಗೆ ಹಲವಾರು ವರ್ಷಗಳೇ ಹಿಡಿದವು. ಮೂರು ಗಂಟೆಗೊಮ್ಮೆ ಹಾಲು, ರಾತ್ರಿಯೂ ಅಷ್ಟೇ. ರಾತ್ರಿ ಪಾಲಕರು ಮರಿಯ ಜೊತೆ ಅದೇ ಕೊಟ್ಟಿಗೆಯಲ್ಲಿ ಮಲಗುತ್ತಾರೆ. ಒಬ್ಬರಿಗೇ ತೀರಾ ಅಂಟಿಕೊಳ್ಳಬಾರದೆಂದು ಪಾಲಕರು ಬದಲಾಗುತ್ತಿರುತ್ತಾರೆ. ಸ್ವಲ್ಪ ದೊಡ್ಡದಾದ ಮೇಲೆ ತ್ಸಾವೋ ಕಡೆಯ ಕಾಡಂಚಿಗೆ ಕಳಿಸಿ, ಕಾಡಾನೆಗಳ ಹಿಂಡು ಸೇರುವವರೆಗೆ ವರ್ಷಗಟ್ಟಲೆ ಕಾಯುತ್ತಾರೆ. ನಿಮ್ಮ ಅತ್ತೆಯವರಿಗೆ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಈ ಒಂದು ಗಂಟೆಯೇ ಇರಬಹುದು. ನಾನು ಕಳಿಸಿದ ಅಜ್ಜಿಯರಲ್ಲಿ ಹೆಚ್ಚಿನವರು ಊರಿಗೆ ಬಂದ ಮೇಲೆ ಮಾತಾಡಿದ್ದು ಆನೆಮರಿಯ ಬಗ್ಗೆಯೇ, ಸಿಂಹದ ಬಗ್ಗೆ ಅಲ್ಲ.

ಆಮೇಲೆ ರೂಮಿಗೆ ಬಂದು ಮಲಗಿ. ಸಂಜೆಗೆ ಏನೂ ಬೇಡ.

ಮೂರನೆಯ ದಿನ ಜಿರಾಫೆ ಸೆಂಟರ್. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಜಿರಾಫೆಗೆ ಆಗ ಹಸಿವಿರುತ್ತದೆ, ಜನವೂ ಕಡಿಮೆ. ಎತ್ತರದ ಕಟ್ಟೆಯ ಮೇಲೆ ನಿಂತರೆ ಜಿರಾಫೆಯ ಮುಖ ಮಗುವಿನ ಮುಖದ ಎದುರಿಗೇ ಬರುತ್ತದೆ. ಅಂಗೈಯಲ್ಲಿ ಆಹಾರದ ಉಂಡೆ ಹಿಡಿದರೆ ಮೊಳದುದ್ದದ ನೀಲಿಗಪ್ಪು ನಾಲಿಗೆ ಬಂದು ಎತ್ತಿಕೊಳ್ಳುತ್ತದೆ. ಮಗ ಮೊದಲು ಹೆದರಿ ಹಿಂದೆ ಸರಿದರೆ ಒತ್ತಾಯ ಮಾಡಬೇಡಿ, ಅಕ್ಕ ಕೊಡುವುದನ್ನು ಹತ್ತು ನಿಮಿಷ ನೋಡಿದ ಮೇಲೆ ತಾನೇ ಮುಂದೆ ಬರುತ್ತಾನೆ. ಒಂದು ಎಚ್ಚರ: ಉಂಡೆ ಕೈಯಲ್ಲಿಟ್ಟುಕೊಂಡು ಕೊಡದೆ ಆಟವಾಡಿಸಿದರೆ, ಅಥವಾ ಬೆನ್ನು ತಿರುಗಿಸಿ ಫೋಟೊಗೆ ನಿಂತರೆ ಅದು ತಲೆಯಿಂದ ಗುದ್ದುತ್ತದೆ. ಸಿಬ್ಬಂದಿ ಹೇಳಿದಷ್ಟು ದೂರದಲ್ಲೇ ನಿಲ್ಲಿ.

ಇಲ್ಲಿರುವುದು ರಾಥ್‌ಸ್ಚೈಲ್ಡ್ ಜಿರಾಫೆ ಎಂಬ ವಿರಳ ಬಗೆ. ತೀರಾ ಕಡಿಮೆಯಾಗಿದ್ದ ಇವುಗಳ ಸಂತತಿ ಬೆಳೆಸಲೆಂದೇ 1979ರಲ್ಲಿ ಶುರುವಾದ ಕೆಲಸ ಇದು. ಮೊಣಕಾಲಿನ ಕೆಳಗೆ ಮಚ್ಚೆಯೇ ಇಲ್ಲ, ಬಿಳಿ ಕಾಲುಚೀಲ ಹಾಕಿದಂತಿರುತ್ತದೆ. ಮಾರಾದಲ್ಲಿ ನಿಮಗೆ ಕಾಣುವುದು ಮಸಾಯಿ ಜಿರಾಫೆ, ಅದರ ಮಚ್ಚೆಗಳು ಅಂಚು ಸೀಳಿದ ಎಲೆಯಂತೆ, ಕಾಲಿನ ಕೆಳಗಿನವರೆಗೂ ಇರುತ್ತವೆ. ಈ ವ್ಯತ್ಯಾಸವನ್ನು ಮಗಳ ಕೈಯಲ್ಲಿ ಇಲ್ಲೇ ಚಿತ್ರ ಬರೆಸಿ. ಮಾರಾದಲ್ಲಿ ಮೊದಲ ಜಿರಾಫೆ ಕಂಡ ಕೂಡಲೇ ಅವಳು ಕಾಲು ನೋಡುತ್ತಾಳೆ.

ಅದೇ ದಿನ ಇನ್ನೊಂದೇ ಒಂದು ಜಾಗ ಆರಿಸಿಕೊಳ್ಳಿ. ಎರಡು ಬೇಡ. ಮಗಳ ಕಡೆಗೆ ನೋಡಿದರೆ ನೈರೋಬಿ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಮಗನ ಕಡೆಗೆ ನೋಡಿದರೆ ರೈಲ್ವೆ ಮ್ಯೂಸಿಯಂ. ವಸ್ತುಸಂಗ್ರಹಾಲಯದಲ್ಲಿ ತುರ್ಕಾನಾ ಹುಡುಗನ ಅಸ್ಥಿಪಂಜರವಿದೆ. 1984ರಲ್ಲಿ ತುರ್ಕಾನಾ ಸರೋವರದ ಹತ್ತಿರ ಕಮೋಯಾ ಕಿಮೆಯು ಎಂಬ ಕೆನ್ಯಾದ ಪಳೆಯುಳಿಕೆ ಶೋಧಕರು ಮೊದಲ ಮೂಳೆಯ ಚೂರು ಕಂಡದ್ದು. ಸುಮಾರು 15 ಲಕ್ಷ ವರ್ಷ ಹಿಂದಿನ ಮನುಷ್ಯ ಜಾತಿಯ ಹುಡುಗ, ಹಲ್ಲುಗಳ ಲೆಕ್ಕದಲ್ಲಿ ಸತ್ತಾಗ ವಯಸ್ಸು ಎಂಟೊಂಬತ್ತು. ನಿಮ್ಮ ಮಗಳ ವಯಸ್ಸೇ. ಅವಳನ್ನು ಅದರ ಮುಂದೆ ಸುಮ್ಮನೆ ನಿಲ್ಲಲು ಬಿಡಿ, ಫಲಕ ಓದಿ ವಿವರಿಸಲು ಹೋಗಬೇಡಿ. ಅಲ್ಲೇ ಅಹ್ಮದ್ ಎಂಬ ದೈತ್ಯ ದಂತದ ಆನೆಯ ಕಥೆಯೂ ಇದೆ. ಬೇಟೆಗಾರರ ಕೈಗೆ ಸಿಗಬಾರದೆಂದು ಅಧ್ಯಕ್ಷ ಜೋಮೊ ಕೆನ್ಯಾಟ್ಟಾ ಆ ಒಂದು ಆನೆಗೆ ವಿಶೇಷ ಆಜ್ಞೆ ಹೊರಡಿಸಿ ಕಾವಲು ಹಾಕಿಸಿದ್ದರು. 1974ರಲ್ಲಿ ಅದು ಮುಪ್ಪಿನಿಂದ ಸತ್ತಿತು.

ರೈಲ್ವೆ ಮ್ಯೂಸಿಯಂನಲ್ಲಿ ಹಳೆಯ ಉಗಿಬಂಡಿಗಳನ್ನು ಹತ್ತಿ ಇಳಿಯಬಹುದು, ಐದು ವರ್ಷದ ಹುಡುಗನಿಗೆ ಅಷ್ಟು ಸಾಕು. ದೊಡ್ಡವರಿಗೆ ಅಲ್ಲಿ ಬೇರೆ ಕಾರಣವಿದೆ. ನೈರೋಬಿ ಎಂಬ ಊರು ಹುಟ್ಟಿದ್ದೇ ಈ ರೈಲಿನಿಂದ. 1896ರಲ್ಲಿ ಮೊಂಬಾಸಾದಿಂದ ಹಳಿ ಹಾಕುತ್ತ ಹೊರಟವರು 1899ರಲ್ಲಿ ಈ ಜೌಗು ಬಯಲಿಗೆ ಬಂದು ಡೇರೆ ಹಾಕಿದರು. ಆ ಹಳಿ ಹಾಕಿದವರು ನಮ್ಮ ದೇಶದ ಕೂಲಿಗಳು, ಬಹುಪಾಲು ಪಂಜಾಬಿನವರು. ಸುಮಾರು 32,000 ಜನ ಹೋದರು, ಸುಮಾರು 2,500 ಜನ ರೋಗಕ್ಕೆ, ಅಪಘಾತಕ್ಕೆ ಬಲಿಯಾದರು. 1898ರಲ್ಲಿ ತ್ಸಾವೋ ಸೇತುವೆಯ ಹತ್ತಿರ ಎರಡು ಸಿಂಹಗಳು ಕೂಲಿಗಳನ್ನು ಡೇರೆಗಳಿಂದಲೇ ಎಳೆದೊಯ್ದು ತಿಂದವು. ಹಳಿಯೂ ನಮ್ಮ ಮೀಟರ್ ಗೇಜೇ, ತಾಳಗುಪ್ಪ ಲೈನಿನಲ್ಲಿ ಹಿಂದೆ ಇತ್ತಲ್ಲ, ಅದೇ ಅಗಲ. ಆ ಜನರ ಹಿಂದೆಯೇ ಗುಜರಾತಿನ ವ್ಯಾಪಾರಿಗಳು ಹೋಗಿ ಅಂಗಡಿ ಇಟ್ಟರು, ನಾಲ್ಕೈದು ತಲೆಮಾರು ಅಲ್ಲೇ ಬಾಳಿದರು. 2017ರಲ್ಲಿ ಕೆನ್ಯಾ ಸರ್ಕಾರ ಈ ಸಮುದಾಯವನ್ನು ದೇಶದ 44ನೆಯ ಬುಡಕಟ್ಟು ಎಂದು ಘೋಷಿಸಿತು.

ಅದರ ಗುರುತು ಭಾಷೆಯಲ್ಲೂ ಇದೆ. ಸ್ವಾಹಿಲಿಯಲ್ಲಿ ವಾಹನಕ್ಕೆ 'ಗಾರಿ', ಹಣಕ್ಕೆ 'ಪೆಸಾ', ಅಂಗಡಿಗೆ 'ದುಕಾ', ಚಹಕ್ಕೆ 'ಚಾಯ್', ಚಪಾತಿಗೆ ಚಪಾತಿಯೇ. ಮಕ್ಕಳಿಗೆ ಹೊರಡುವ ಮುಂಚೆ ಹತ್ತು ಮಾತು ಕಲಿಸಿ: ತೆಂಬೊ ಆನೆ, ಟ್ವಿಗಾ ಜಿರಾಫೆ, ಕಿಫಾರು ಘೇಂಡಾಮೃಗ, ಕಿಬೊಕೊ ನೀರಾನೆ. ಜೀಬ್ರಾಕ್ಕೆ 'ಪುಂಡಾ ಮಿಲಿಯಾ', ಪಟ್ಟೆಕತ್ತೆ ಎಂದರ್ಥ. ಸಿಂಹಕ್ಕೆ 'ಸಿಂಬಾ'. ಇದು ನಮ್ಮ ಸಿಂಹದಿಂದ ಹೋದ ಮಾತಲ್ಲ, ಆಫ್ರಿಕಾದ ಭಾಷೆಗಳದ್ದೇ. ಎರಡೂ ಹೀಗೆ ಒಂದೇ ಥರ ಕೇಳುವುದು ಆಕಸ್ಮಿಕ. 'ಅಸಾಂತೆ ಸಾನಾ' ಅಂದರೆ ತುಂಬಾ ಧನ್ಯವಾದ. ಪುಟ್ಟ ಮಗು ಇಷ್ಟು ಹೇಳಿದರೆ ಹೋಟೆಲಿನ ಅಡುಗೆಯವರು ಹೊರಗೆ ಬಂದು ಮಾತಾಡಿಸುತ್ತಾರೆ. ಮಕ್ಕಳೆಂದರೆ ಆ ಜನರಿಗೆ ಬಲು ಪ್ರೀತಿ.

ಊಟದ ಬಗ್ಗೆ ನಿಮಗೆ ಚಿಂತೆ ಬೇಡ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪಾರ್ಕ್‌ಲ್ಯಾಂಡ್ಸ್‌ನ ಡೈಮಂಡ್ ಪ್ಲಾಜಾದಲ್ಲಿ ಸಸ್ಯಾಹಾರ ಬೇಕಾದಷ್ಟಿದೆ, ಮ್ಯೂಸಿಯಂ ಮುಗಿಸಿ ಹೋದರೆ ಹತ್ತಿರವೂ ಹೌದು. ಆದರೆ ಒಂದು ಹೊತ್ತಾದರೂ ಆ ನೆಲದ ಊಟ ಮಾಡಿ. ಜೋಳ ಅಂದರೆ ಅಲ್ಲಿ ಮೆಕ್ಕೆಜೋಳ, ಅದರ ಹಿಟ್ಟಿನ 'ಉಗಾಲಿ' ನೋಡಿದರೆ ನಿಮ್ಮ ಅತ್ತೆ "ಇದು ಬಿಳಿ ಮುದ್ದೆಯಲ್ಲವೇ" ಅನ್ನುತ್ತಾರೆ. ಜೊತೆಗೆ 'ಸುಕುಮಾ ವಿಕಿ' ಎಂಬ ಸೊಪ್ಪಿನ ಪಲ್ಯ, ಟೊಮೆಟೊ ಈರುಳ್ಳಿ ಹೆಚ್ಚಿ ಕಲಸಿದ 'ಕಚುಂಬರಿ'. ಕಾಳು ಮತ್ತು ಮೆಕ್ಕೆಜೋಳ ಬೇಯಿಸಿದ 'ಗಿಥೇರಿ' ಮಕ್ಕಳಿಗೆ ಹಿಡಿಸುತ್ತದೆ. ಇನ್ನು 'ವಿಂಬಿ' ಎಂದು ಕೇಳಿ ನೋಡಿ. ಅದು ನಮ್ಮ ರಾಗಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾ, ಉಗಾಂಡ ಕಡೆಯ ಬೆಟ್ಟಗಳು. ಅಲ್ಲಿಂದ ಸಾವಿರಾರು ವರ್ಷ ಹಿಂದೆ ನಮ್ಮಲ್ಲಿಗೆ ಬಂದದ್ದು. ವಿಂಬಿಯ ಹಿಟ್ಟಿನಿಂದ ಮಾಡಿದ ಗಂಜಿ 'ಉಜಿ'ಯನ್ನು ಅಲ್ಲಿನ ತಾಯಂದಿರು ಕೂಸುಗಳಿಗೆ ಕುಡಿಸುತ್ತಾರೆ, ನಾವು ರಾಗಿ ಸರಿ ಕುಡಿಸುವ ಹಾಗೆಯೇ. ಹೊಟ್ಟೆ ಕೆಟ್ಟ ಮಗುವಿಗೆ ಹೋಟೆಲಿನಲ್ಲಿ ಉಜಿ ಕೇಳಿ, ಮಾಡಿಕೊಡುತ್ತಾರೆ. ಸೊಪ್ಪು, ಕಾಳಿನ ಅಡುಗೆಗೆ ಒಮ್ಮೊಮ್ಮೆ ಮಾಂಸದ ಸಾರು ಬೆರೆಸಿರುತ್ತಾರೆ, ಆದ್ದರಿಂದ 'ಬಿಲಾ ನ್ಯಾಮಾ', ಮಾಂಸವಿಲ್ಲದೆ, ಎಂದು ಹೇಳುವುದನ್ನು ರೂಢಿಸಿಕೊಳ್ಳಿ. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜುವುದಕ್ಕೂ ಬೇಡ. ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು, ಆದರೆ ಸ್ಟೀಲ್ ಡಬ್ಬಿಯಲ್ಲಿ, ಬಟ್ಟೆ ಚೀಲದಲ್ಲಿ. 2017ರಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ, 2020ರಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನು ರಾಷ್ಟ್ರೀಯ ಉದ್ಯಾನಗಳ ಒಳಗೆ ಬಿಡುವುದಿಲ್ಲ.

ಇನ್ನು "ಊರು ಸರಿಯಿಲ್ಲ" ಅನ್ನುವ ಮಾತು. ನೈರೋಬಿ ದೊಡ್ಡ ಊರು, ಕಳ್ಳತನವಿದೆ, ಅದನ್ನು ಮುಚ್ಚಿಡುವುದಿಲ್ಲ. ಕತ್ತಲಾದ ಮೇಲೆ ನಡೆದು ತಿರುಗಬೇಡಿ. ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ ಕಿಟಕಿಯ ಗಾಜು ಏರಿಸಿ, ಮೊಬೈಲು ಒಳಗಿಡಿ. ಬಣ್ಣಬಣ್ಣದ ಮಿನಿಬಸ್ಸು 'ಮಟಾಟು'ವನ್ನು ಮಕ್ಕಳು ಹೊರಗಿನಿಂದ ನೋಡಿ ಖುಷಿಪಡಲಿ, ಹತ್ತುವುದು ಬೇಡ. ಹೋಟೆಲಿನವರು ಗೊತ್ತುಮಾಡಿದ ಗಾಡಿ ಅಥವಾ ಆ್ಯಪ್ ಟ್ಯಾಕ್ಸಿಯಲ್ಲಿ ಓಡಾಡಿ. 2013ರಲ್ಲಿ ವೆಸ್ಟ್‌ಗೇಟ್ ಮಾಲ್ ಮೇಲೆ ಭಯೋತ್ಪಾದಕರ ದಾಳಿಯಾದ ಮೇಲೆ ಮಾಲ್, ಹೋಟೆಲುಗಳಲ್ಲಿ ಚೀಲ, ಕಾರು ತಪಾಸಣೆ ಮಾಡುತ್ತಾರೆ. ಮಕ್ಕಳು ಹೆದರದಂತೆ ಮೊದಲೇ ಹೇಳಿಡಿ. ಹೊರಡುವ ವಾರ ಅಲ್ಲಿ ಪ್ರತಿಭಟನೆಯೇನಾದರೂ ಇದೆಯೇ ಎಂದು ಸುದ್ದಿ ನೋಡಿಕೊಳ್ಳಿ. ಇಷ್ಟು ಎಚ್ಚರಕ್ಕೆ ಆ ಊರನ್ನೇ ಬಿಟ್ಟುಬಿಡಬೇಕಾಗಿಲ್ಲ. ಒಂಬತ್ತು ವರ್ಷ ನಾನು ಅಲ್ಲಿ ಮಕ್ಕಳನ್ನು ಬೆಳೆಸಿದ್ದೇನೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಿಬೇರಾದಂಥ ಬಡವರ ಕೇರಿಗಳನ್ನು ತೋರಿಸುವ 'ಟೂರ್' ಇದೆ ಎಂದು ಯಾರಾದರೂ ಹೇಳಿದರೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಇನ್ನೊಬ್ಬರ ಬಡತನ ನೋಡುವ ವಸ್ತುವಲ್ಲ. ಜನರನ್ನು ನೋಡಬೇಕೆಂದರೆ ಕರುರಾ ಕಾಡಿಗೆ ಹೋಗಿ. ಊರಿನ ಉತ್ತರಕ್ಕಿರುವ ಸಾವಿರ ಹೆಕ್ಟೇರಿನ ಈ ಕಾಡಿನಲ್ಲಿ ಭಾನುವಾರ ನೈರೋಬಿಯ ಸಂಸಾರಗಳೇ ಮಕ್ಕಳ ಜೊತೆ ನಡೆಯುತ್ತವೆ, ಸೈಕಲ್ ತುಳಿಯುತ್ತವೆ. 1990ರ ದಶಕದ ಕೊನೆಯಲ್ಲಿ ಅದನ್ನು ಕಟ್ಟಡದವರಿಗೆ ಹಂಚಲು ಹೊರಟಾಗ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯಿ ಸಸಿ ಹಿಡಿದು ಎದುರು ನಿಂತು ಏಟು ತಿಂದರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆರೋಗ್ಯದ ಕೆಲಸ ಈಗಲೇ ಶುರುಮಾಡಿ. ಕೆನ್ಯಾದಿಂದ ಭಾರತಕ್ಕೆ ಮರಳುವವರ ಕೈಯಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ನಮ್ಮ ದೇಶದ ನಿಯಮ, ಮಕ್ಕಳಿಗೂ ಅನ್ವಯಿಸುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ಪಾಸ್‌ಪೋರ್ಟ್ ಒಯ್ಯಬೇಕು, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು. ನಿಮ್ಮ ಅತ್ತೆಯ ವಿಷಯದಲ್ಲಿ ಅವಸರ ಮಾಡಬೇಡಿ. ಅರವತ್ತು ದಾಟಿದವರು ಮೊದಲ ಸಲ ಈ ಲಸಿಕೆ ಹಾಕಿಸಿಕೊಂಡಾಗ ಅಪರೂಪಕ್ಕೆ ತೀವ್ರ ತೊಂದರೆಯಾಗುವುದುಂಟು. ಟಿಕೆಟ್ ಮಾಡುವ ಮೊದಲೇ ಅವರ ಕಾಯಿಲೆ, ಔಷಧಿಗಳ ವಿವರದ ಜೊತೆ ವೈದ್ಯರನ್ನು ಕಾಣಿ. ಎತ್ತರದಲ್ಲಿರುವ ನೈರೋಬಿಯಲ್ಲಿ ಮಲೇರಿಯಾ ಅಪಾಯ ಕಡಿಮೆ, ಮಾರಾದಲ್ಲಿ ಇದೆ. ತಡೆಯುವ ಮಾತ್ರೆಗಳಲ್ಲಿ ಕೆಲವನ್ನು ಒಂದೆರಡು ದಿನ ಮೊದಲು, ಕೆಲವನ್ನು ಎರಡು ವಾರ ಮೊದಲೇ ಶುರುಮಾಡಬೇಕು. ಮಕ್ಕಳಿಗೆ ಯಾವುದು, ಎಷ್ಟು ಎನ್ನುವುದನ್ನು ಮಕ್ಕಳ ವೈದ್ಯರೇ ತೂಕ ನೋಡಿ ಹೇಳಬೇಕು. ಮರಳಿ ಬಂದು ತಿಂಗಳುಗಳಾದ ಮೇಲೆ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದೆವು ಎಂದು ವೈದ್ಯರಿಗೆ ಮೊದಲು ಹೇಳಿ.

ವೀಸಾ ಎಂಬುದು 2024ರಿಂದ ಇಲ್ಲ, ಅದರ ಬದಲು ಇಟಿಎ ಎಂಬ ಅನುಮತಿಯನ್ನು ಆನ್‌ಲೈನ್‌ನಲ್ಲಿ ಪಡೆಯಬೇಕು, ಐದು ವರ್ಷದ ಮಗನಿಗೂ ಪ್ರತ್ಯೇಕವಾಗಿ. ಅಲ್ಲಿನ ಪ್ಲಗ್ಗು ಚೌಕ ಕಾಲುಗಳ ಬ್ರಿಟಿಷ್ ಮೂರು ಪಿನ್, ಅಡಾಪ್ಟರ್ ಒಯ್ಯಿರಿ.

ಮಾರಾಕ್ಕೆ ವಿಲ್ಸನ್ ಎಂಬ ಚಿಕ್ಕ ವಿಮಾನ ನಿಲ್ದಾಣದಿಂದ ಮುಕ್ಕಾಲು ಗಂಟೆಯ ಹಾರಾಟವೂ ಇದೆ. ತಲೆಗೆ 15 ಕಿಲೋ ಲಗೇಜು, ಅದೂ ಗಟ್ಟಿ ಸೂಟ್‌ಕೇಸ್ ಅಲ್ಲ, ಮೆತ್ತನೆ ಚೀಲ. ಹಣ ಹೊಂದಿದರೆ ಬರುವಾಗ ಅದರಲ್ಲಿ ಬನ್ನಿ. ಹೋಗುವಾಗ ಮಾತ್ರ ರಸ್ತೆಯಲ್ಲೇ ಹೋಗಿ ಎನ್ನುತ್ತೇನೆ, ವಾಂತಿಯ ಭಯವಿದ್ದರೂ. ಪಾರ್ಕು ಸುತ್ತಿಸಿದ ಡ್ರೈವರ್-ಗೈಡೇ ಮಾರಾಕ್ಕೂ ಬರುವಂತೆ ಬುಕಿಂಗ್ ಹೊತ್ತಿಗೇ ಕೇಳಿಕೊಳ್ಳಿ. ಎರಡು ದಿನದಲ್ಲಿ ನಿಮ್ಮ ಮಗ ಯಾವಾಗ ಸುಮ್ಮನಾಗುತ್ತಾನೆ, ಯಾವಾಗ ಗಾಡಿ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತಾಗಿರುತ್ತದೆ. ಗಾಡಿಯಲ್ಲಿ ಬೆಲ್ಟ್, ಮಗನಿಗೆ ಎತ್ತರದ ಸೀಟು ಇರಲೆಂದು ಬರೆದು ಕೇಳಿ, ಕೇಳದೆ ಇಡುವುದಿಲ್ಲ. ಬೆಳಿಗ್ಗೆ ಲಘುವಾಗಿ ತಿನ್ನಿಸಿ ಹೊರಡಿ. ಒಂದು ಗಂಟೆಯಾದ ಮೇಲೆ ನೆಲ ಒಮ್ಮೆಲೇ ಕುಸಿದು ರಿಫ್ಟ್ ಕಣಿವೆ ಕಾಣುತ್ತದೆ, ದಾರಿಬದಿಯ ಕಟ್ಟೆಯಲ್ಲಿ ಅರ್ಧ ಗಂಟೆ ನಿಲ್ಲಿ. ಇಳಿಜಾರಿನಲ್ಲಿ ಆಗುಂಬೆಯಂಥ ಸುರುಳಿ ತಿರುವುಗಳಿಲ್ಲ, ಲಾರಿಗಳು ಮಾತ್ರ ಹೆಚ್ಚು. ಕೆಳಗಿಳಿದು ನಾರೋಕ್ ಕಡೆಗೆ ತಿರುಗಿದ ಮೇಲೆ ಬಯಲು. ಅಲ್ಲಿ ಬೇಲಿಯೂ ಗೇಟೂ ಇಲ್ಲದ ಕಡೆ, ಮಸಾಯಿಗಳ ದನಗಳ ನಡುವೆ ಎಷ್ಟೋ ಸಲ ಜೀಬ್ರಾ, ಜಿಂಕೆ ಮೇಯುತ್ತಿರುತ್ತವೆ. ಡ್ರೈವರಿಗೆ ಮೊದಲೇ ಹೇಳಿಡಿ, ಅವರಿಗೆ ಕಂಡರೂ ಬಾಯಿಬಿಡಬಾರದು. ಮಕ್ಕಳಿಬ್ಬರನ್ನೂ ಕಿಟಕಿ ಬದಿಗೆ ಕೂರಿಸಿ.